ಅನುಮತಿಗಾಗಿ ಕಾದ ಏಳು ತಿಂಗಳು

ಜೂನ್ ತಿಂಗಳ ಒಂದು ಮಧ್ಯಾಹ್ನ, ಮಂಗಳೂರಿನ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದ್ದಾಗ, ನಾನು ಮದುವೆಯಾಗಲಿದ್ದವರ ಧರ್ಮಕೇಂದ್ರದ ಕಚೇರಿಯಲ್ಲಿ ಅಲ್ಲಿನ ವಿಗಾರರು, ಎಂದರೆ ಮುಖ್ಯ ಗುರುಗಳು, ನಮ್ಮಿಬ್ಬರ ಮುಂದೆ ಒಂದು ಹಾಳೆಯನ್ನು ಇಟ್ಟರು. ತನ್ನ ವಿಶ್ವಾಸದಿಂದ ದೂರ ಸರಿಯುವ ಅಪಾಯಗಳನ್ನು ನಿವಾರಿಸಿಕೊಳ್ಳಲು ತಾನು ಸಿದ್ಧನೆಂದೂ, ಹುಟ್ಟಲಿರುವ ಮಕ್ಕಳಿಗೆಲ್ಲ ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಅದೇ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದ ಆಗುವುದೆಲ್ಲವನ್ನೂ ಮಾಡುವೆನೆಂದೂ ವರನು ಮಾತು ಕೊಡುವ ಹಾಳೆ ಅದು. ಅದರಲ್ಲಿ ನಾನು ಮಾತು ಕೊಡಬೇಕಾದದ್ದು ಏನೂ ಇರಲಿಲ್ಲ. ಅವರು ಹೀಗೆ ಮಾತು ಕೊಟ್ಟಿದ್ದಾರೆಂಬುದು ನನಗೆ ತಿಳಿದಿರಬೇಕು, ಅಷ್ಟೇ. ಆ ಹಾಳೆಯ ಜೊತೆಗೆ ಧರ್ಮಾಧ್ಯಕ್ಷರಿಗೆ, ಎಂದರೆ ಅವರ ಬಿಷಪರಿಗೆ, ಒಂದು ಬಿನ್ನಹ ಹೋಗಬೇಕಿತ್ತು. ಅವರ ಅನುಮತಿ ಬಂದ ಮೇಲೆ ಮಾತ್ರ ಮದುವೆಯ ದಿನ ನಿಶ್ಚಯವಾಗುವಂತಿತ್ತು.

ನಾನು ಕೇಳಿದೆ: "ಫಾದರ್, ನಾವಿಬ್ಬರೂ ದೀಕ್ಷಾಸ್ನಾನ ಆದವರು. ನಾವು ಮದುವೆಯಾಗಲು ಮೂರನೆಯವರ ಅನುಮತಿ ಏಕೆ ಬೇಕು?"

ಅವರು ಸಿಟ್ಟಾಗಲಿಲ್ಲ. "ನೀವು ಕೇಳಿದ್ದು ಮದುವೆಯ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ. ಅದಕ್ಕೆ ಇವತ್ತೇ ಉತ್ತರ ಹೇಳಿದರೆ ನಿಮಗೆ ಸಮಾಧಾನವಾಗದು. ಸಮಯವಿದ್ದಾಗ ಇಬ್ಬರೂ ಬನ್ನಿ, ಮಾತಾಡೋಣ" ಎಂದರು. ಮುಂದಿನ ಏಳು ತಿಂಗಳಲ್ಲಿ ನಾವು ಹನ್ನೊಂದು ಸಲ ಅವರ ಬಳಿಗೆ ಹೋದೆವು. ನಡುನಡುವೆ ನಾನು ನಮ್ಮ ಸಭಾಪಾಲಕರ ಬಳಿಗೂ ಹೋಗಿ ಬರುತ್ತಿದ್ದೆ.

ನಾನು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಪರಂಪರೆಯ ಮನೆಯವಳು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಆರಂಭಿಸಿದ ಕೆಲಸದಿಂದ ಬೆಳೆದ ಸಭೆ ನಮ್ಮದು. ಈಗ ಅದು ಸಿ.ಎಸ್.ಐ., ಎಂದರೆ ದಕ್ಷಿಣ ಭಾರತ ಸಭೆಯ ಭಾಗ. ನನ್ನ ಅಜ್ಜ ಬಲ್ಮಠದ ಮಿಷನ್ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ವಾಕ್ಯವೊಂದು ಮೊಳೆಮೊಳೆಯಾಗಿ ಕೈಯಲ್ಲಿ ಕೂಡಿಕೊಳ್ಳುವುದನ್ನು ದಿನವೂ ಕಂಡಿದ್ದ ಅವರಿಗೆ ಸತ್ಯವೇದದ, ಎಂದರೆ ಬೈಬಲಿನ, ಮೇಲಿದ್ದ ಗೌರವ ಬಹಳ ನಿಖರವಾದದ್ದು. ಒಂದು ಅಲ್ಪವಿರಾಮ ಜಾರಿದರೂ ಅವರು ಓದುವುದನ್ನು ನಿಲ್ಲಿಸುತ್ತಿದ್ದರು. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕುಳಿತು ಒಂದು ಅಧ್ಯಾಯ ಓದಿ, ಹಾಡಿ, ಪ್ರಾರ್ಥಿಸುವುದು ಪದ್ಧತಿ. ಸಭಾಪಾಲಕರಾದ ಅಯ್ಯನವರು ಪೀಠದಿಂದ ಏನೇ ಹೇಳಿದರೂ ಮನೆಗೆ ಬಂದು ಪುಸ್ತಕ ತೆರೆದು ನೋಡಬೇಕೆಂದು ಅಜ್ಜ ಕಲಿಸಿದ್ದರು. ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರವನ್ನು ಶೋಧಿಸಿ ನೋಡಿದ ಬೆರೋಯ ಪಟ್ಟಣದವರನ್ನು ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ ಹೊಗಳುತ್ತದಲ್ಲ, ಆ ಭಾಗ ನಮ್ಮ ಮನೆಯಲ್ಲಿ ಗಾದೆಯಷ್ಟು ಬಳಕೆಯಲ್ಲಿತ್ತು. ಹಾಗಾಗಿ ನನ್ನ ಮಟ್ಟಿಗೆ ಅಧಿಕಾರದ ಪ್ರಶ್ನೆ ಎಂದೋ ಮುಗಿದುಹೋಗಿತ್ತು: ನಮಗೆ ಪುಸ್ತಕ, ಅವರಿಗೆ ಪೋಪ್.

ನಾನು ಮದುವೆಯಾಗಲಿದ್ದವರ ಮನೆ ಕೊಂಕಣಿ ಮಾತಾಡುವ ಕಥೋಲಿಕರದ್ದು. ಸಂಜೆಯಾದರೆ ತೇರ್ಸ್ ಎಂಬ ಜಪಮಾಲೆ, ಭಾನುವಾರ ಮೀಸ್ ಎಂಬ ಬಲಿಪೂಜೆ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತ್, ವಾಡೆಗೊಬ್ಬ ಗುರ್ಕಾರ ಎಂಬ ಮುಖಂಡ. ಒಂದೇ ಊರಿನಲ್ಲಿ, ಅರ್ಧ ಗಂಟೆಯ ನಡಿಗೆಯ ದೂರದಲ್ಲಿ ಬೆಳೆದಿದ್ದರೂ ನಮ್ಮಿಬ್ಬರ ಧಾರ್ಮಿಕ ಶಬ್ದಗಳು ಬೇರೆಬೇರೆಯಾಗಿದ್ದವು. ಕನ್ನಡದಲ್ಲಿ ಮಾತಾಡುವಾಗಲೂ ನಾನು ಸುವಾರ್ತೆ ಎಂದರೆ ಅವರು ಶುಭಸಂದೇಶ ಎನ್ನುತ್ತಿದ್ದರು. ನಾನು ಸಭೆ ಎಂದರೆ ಅವರು ಧರ್ಮಸಭೆ ಎನ್ನುತ್ತಿದ್ದರು. ಈ ಕೊನೆಯ ಎರಡು ಶಬ್ದಗಳ ನಡುವೆ ಇರುವ ಅಂತರವನ್ನು ಅಳೆಯುವುದರಲ್ಲೇ ನಮ್ಮ ಏಳು ತಿಂಗಳು ಕಳೆದವು ಎಂದರೂ ತಪ್ಪಾಗದು. ನನಗೆ ಸಭೆಯೆಂದರೆ ದೇವರ ವಾಕ್ಯವನ್ನು ಕೇಳಲು ಕೂಡಿಬಂದ ಜನ. ಅವರಿಗೆ ಧರ್ಮಸಭೆಯೆಂದರೆ ಮಗುವಾಗಿ ತನ್ನನ್ನು ಎತ್ತಿಕೊಂಡ ತಾಯಿ. ವಾಕ್ಯವೂ ಆಕೆಯ ಕೈಯಿಂದಲೇ ಬಂದದ್ದು.

ಮೊದಲ ಭೇಟಿಗಳಲ್ಲಿ ಫಾದರ್ ಕಾನೂನನ್ನೇ ವಿವರಿಸಿದರು. 1917ರ ಕಥೋಲಿಕ ಧರ್ಮಸಭಾ ಕಾನೂನು ಸಂಹಿತೆಯ ಕಾಲದಲ್ಲಾಗಿದ್ದರೆ ಮಕ್ಕಳ ವಿಷಯದಲ್ಲಿ ನಾನೂ ಮಾತು ಕೊಡಬೇಕಾಗುತ್ತಿತ್ತು. ಲೋಕದ ಧರ್ಮಾಧ್ಯಕ್ಷರು ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1970ರಲ್ಲಿ ಪೋಪ್ ಆರನೆಯ ಪೌಲರು ಮಿಶ್ರ ವಿವಾಹಗಳ ನಿಯಮವನ್ನು ತಿದ್ದಿ, ಕಥೋಲಿಕರಲ್ಲದ ಸಂಗಾತಿಯಿಂದ ವಚನ ಪಡೆಯುವುದನ್ನು ಕೈಬಿಟ್ಟರು. ಈಗಿನ 1983ರ ಸಂಹಿತೆಯ 1124 ಮತ್ತು 1125ನೆಯ ವಿಧಿಗಳು ಅದನ್ನೇ ಮುಂದುವರಿಸಿವೆ. ನನ್ನ ದೀಕ್ಷಾಸ್ನಾನವನ್ನು ಅವರು ಪ್ರಶ್ನಿಸಲೇ ಇಲ್ಲ. ನೀರಿನಿಂದ, ತಂದೆಯ, ಮಗನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಕೊಟ್ಟ ಸ್ನಾನ ಸಿಂಧು, ಅದನ್ನು ಮತ್ತೆ ಕೊಡುವಂತಿಲ್ಲ ಎಂದರು. ನಮ್ಮ ಸಭೆಯ ಸರ್ಟಿಫಿಕೇಟನ್ನು ಅವರು ಎರಡು ಕೈಯಲ್ಲಿ ತೆಗೆದುಕೊಂಡ ರೀತಿ ನನಗೆ ಇನ್ನೂ ನೆನಪಿದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು.

ಅನಂತರ ಮಾತು ಮೂಲಕ್ಕೆ ಹೋಯಿತು. ಕಥೋಲಿಕರ ದೃಷ್ಟಿಯಲ್ಲಿ ದೇವರ ವಾಕ್ಯ ಬರಹವಾಗಿಯೂ ಪರಂಪರೆಯಾಗಿಯೂ ಬಂದಿದೆ. ಎರಡನ್ನೂ ಅಧಿಕೃತವಾಗಿ ವಿವರಿಸುವ ಹೊಣೆ ಪೋಪರೊಂದಿಗೆ ಒಂದಾಗಿರುವ ಧರ್ಮಾಧ್ಯಕ್ಷರ ಬೋಧನಾಧಿಕಾರಕ್ಕೆ ಸೇರಿದೆ. 1965ರ ನವೆಂಬರ್ 18ರಂದು ಹೊರಬಂದ, ದೈವಪ್ರಕಟಣೆಯನ್ನು ಕುರಿತ ಮಹಾಸಭೆಯ ದಸ್ತಾವೇಜನ್ನು ಫಾದರ್ ನನಗೆ ಓದಲು ಕೊಟ್ಟರು. ಅದರ ಹತ್ತನೆಯ ಪರಿಚ್ಛೇದದಲ್ಲಿ ಈ ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಯಲ್ಲಿರುವುದು ಎಂಬ ಮಾತಿದೆ. ನಾನು ಅದನ್ನು ಎರಡು ಮೂರು ಸಲ ಓದಿದೆ. ಇದು ಅಜ್ಜ ಒಪ್ಪಿಬಿಡಬಹುದಾದ ಮಾತು ಎನಿಸಿತು. ಆದರೆ ವಾಕ್ಯದ ಸೇವಕನು ವಾಕ್ಯವನ್ನು ತಪ್ಪಾಗಿ ಕೇಳಿಸಿಕೊಂಡರೆ ಅವನಿಗೆ ಅದನ್ನು ಹೇಳುವವರು ಯಾರು ಎಂಬ ಪ್ರಶ್ನೆ ನನ್ನಲ್ಲಿ ಹಾಗೇ ಉಳಿಯಿತು.

ಪೋಪರ ಬಗ್ಗೆ ನನಗಿದ್ದ ತಿಳಿವಳಿಕೆ ಬಹಳ ಒರಟಾದದ್ದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವರು ಹೇಳಿದ್ದೆಲ್ಲವೂ ತಪ್ಪಿಲ್ಲದ್ದು ಎಂದು ಕಥೋಲಿಕರು ನಂಬುತ್ತಾರೆಂದು ನಾನು ತಿಳಿದಿದ್ದೆ. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ನಿರೂಪಿಸಿದ ತಪ್ಪದ ಬೋಧನೆಯ ತತ್ತ್ವಕ್ಕೆ ಬಿಗಿಯಾದ ಷರತ್ತುಗಳಿವೆ: ವಿಶ್ವಾಸ ಅಥವಾ ನೀತಿಯ ವಿಷಯವಾಗಿರಬೇಕು, ಇಡೀ ಧರ್ಮಸಭೆಯ ಪಾಲಕರಾಗಿ, ಎಲ್ಲರನ್ನೂ ಕಟ್ಟುವಂತೆ, ಅಂತಿಮ ನಿರ್ಣಯವಾಗಿ ಹೇಳಿರಬೇಕು. ಅದಾದ ಮೇಲೆ ಆ ರೀತಿಯ ಗಂಭೀರ ಘೋಷಣೆ ಎಂದು ಎಲ್ಲರೂ ಒಪ್ಪುವುದು ಒಂದನ್ನೇ, 1950ರಲ್ಲಿ ಹನ್ನೆರಡನೆಯ ಪಿಯುಸರು ಮಾತೆ ಮರಿಯಳ ಸ್ವರ್ಗಾರೋಹಣವನ್ನು ಕುರಿತು ಮಾಡಿದ್ದನ್ನು. ಹಾಗೆಂದು ಉಳಿದ ಬೋಧನೆಗಳನ್ನು ಕಥೋಲಿಕರು ಬೇಕಾದರೆ ಕೇಳಬಹುದು, ಬೇಡವಾದರೆ ಬಿಡಬಹುದು ಎಂದೂ ಅಲ್ಲ. ಅವಕ್ಕೂ ಮನಸ್ಸು ಬುದ್ಧಿಗಳ ವಿಧೇಯತೆ ಸಲ್ಲಬೇಕು.

ಒಂದು ಸಂಜೆ ನಾನು ನನ್ನ ಸಹಪಾಠಿಯ ಮಾತೆತ್ತಿದೆ. ಆಕೆ ದೇವಶಾಸ್ತ್ರ ಓದಿ ನಮ್ಮ ಸಭೆಯಲ್ಲಿ ಗುರುಪಟ್ಟ, ಎಂದರೆ ಪಾದ್ರಿಯ ದೀಕ್ಷೆ, ಪಡೆದವಳು, ನನಗಿಂತ ಚೆನ್ನಾಗಿ ಪ್ರಸಂಗ ಮಾಡುವವಳು. "ನಿಮ್ಮಲ್ಲಿ ಇದು ಏಕೆ ಆಗದು, ಫಾದರ್? ಪೋಪರು ಒಂದು ಮಾತು ಹೇಳಿದರೆ ಸಾಕಲ್ಲ?" ಎಂದೆ. ಅವರು 1994ರಲ್ಲಿ ಎರಡನೆಯ ಜಾನ್ ಪೌಲರು ಬರೆದ ಪತ್ರದ ವಿಷಯ ಹೇಳಿದರು. ಸ್ತ್ರೀಯರಿಗೆ ಗುರುಪಟ್ಟ ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ ಎಂಬುದು ಅದರ ತಿರುಳು. ಕೊಡುವುದಿಲ್ಲ ಎನ್ನುವುದಕ್ಕೂ ಕೊಡಲು ನಮಗೆ ಅಧಿಕಾರವಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಒತ್ತಿ ಹೇಳಿದರು. ನಾನು ಆ ನಿರ್ಣಯವನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನನ್ನ ಗೆಳತಿಯ ಕರೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅಧಿಕಾರವೆಂದರೆ ಮನಸ್ಸಿಗೆ ಬಂದದ್ದನ್ನು ಆಜ್ಞಾಪಿಸುವುದು ಎಂದಷ್ಟೇ ತಿಳಿದಿದ್ದ ನನಗೆ, ಪಡೆದದ್ದನ್ನು ಬದಲಿಸಲಾರೆ ಎಂದು ಕೈಕಟ್ಟಿ ನಿಲ್ಲುವುದೂ ಅಧಿಕಾರದ ಒಂದು ಕಲ್ಪನೆ ಎಂಬುದು ಆ ಸಂಜೆ ಮೊದಲ ಬಾರಿಗೆ ತಿಳಿಯಿತು.

ನನ್ನ ನಿಲುವು ನಿಜವಾಗಿ ಅಲುಗಾಡಿದ್ದು ಮದುವೆಯ ವಾಚನಗಳನ್ನು ಆರಿಸುವಾಗ. ನಾನು ಮದುವೆಯಾಗಲಿದ್ದವರು ತೋಬಿತನ ಗ್ರಂಥದ ಎಂಟನೆಯ ಅಧ್ಯಾಯವನ್ನು ಸೂಚಿಸಿದರು. ಹೊಸದಾಗಿ ಮದುವೆಯಾದ ತೋಬಿಯನೂ ಸಾರಳೂ ರಾತ್ರಿ ಎದ್ದು ನಿಂತು ಪ್ರಾರ್ಥಿಸುವ ಭಾಗ. ನಾನು ಮನೆಗೆ ಬಂದು ಅಭ್ಯಾಸಬಲದಿಂದ ಸತ್ಯವೇದ ತೆರೆದೆ. ಅಲ್ಲಿ ಆ ಗ್ರಂಥವೇ ಇರಲಿಲ್ಲ. ನಮ್ಮದರಲ್ಲಿ 66 ಪುಸ್ತಕಗಳು, ಅವರದರಲ್ಲಿ 73 ಎಂಬ ಲೆಕ್ಕ ನನಗೆ ಮೊದಲೂ ಗೊತ್ತಿತ್ತು. ಆದರೆ ಪರೀಕ್ಷೆಗೆ ಓದಿದ ಲೆಕ್ಕ ಒಂದು, ನನ್ನದೇ ಮದುವೆಗೆ ಹುಡುಕಿದ ಪುಟ ಸಿಗದಿರುವುದು ಇನ್ನೊಂದು. ಎಲ್ಲವನ್ನೂ ಪುಸ್ತಕಕ್ಕೆ ಹಿಡಿದು ನೋಡು ಎಂದು ಕಲಿಸಿದ್ದ ಅಜ್ಜ, ಪುಸ್ತಕದ ಪರಿವಿಡಿಯನ್ನು ಯಾವುದಕ್ಕೆ ಹಿಡಿದು ನೋಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಆ 66ನ್ನು ಅವರೂ ಯಾರ ಮಾತನ್ನೋ ನಂಬಿಯೇ ಪಡೆದಿದ್ದರು.

ಈ ಪ್ರಶ್ನೆಯನ್ನು ಹೊತ್ತುಕೊಂಡು ನಾನು ನಮ್ಮ ಸಭಾಪಾಲಕರ ಬಳಿ ಹೋದೆ. "ಅಯ್ಯನವರೇ, ನಾವೂ ಒಂದು ಪರಂಪರೆಯನ್ನು ನಂಬಿಯೇ ನಿಂತಿದ್ದೇವಲ್ಲ?" ಎಂದೆ. ಅವರು ಅದನ್ನು ಅಲ್ಲಗಳೆಯಲಿಲ್ಲ. ಹದಿನಾರನೆಯ ಶತಮಾನದಲ್ಲಿ ರೋಮಿನಿಂದ ಬೇರೆಯಾದ ಸುಧಾರಕರು ಹಳೆಯ ಒಡಂಬಡಿಕೆಯ ವಿಷಯದಲ್ಲಿ ಯೆಹೂದ್ಯರ ಹೀಬ್ರೂ ಗ್ರಂಥಗಳ ಪಟ್ಟಿಯನ್ನು ಅನುಸರಿಸಿದರು, ಬೈಬಲನ್ನು ಲ್ಯಾಟಿನಿಗೆ ತಂದ ನಾಲ್ಕನೆಯ ಶತಮಾನದ ಜೆರೋಮನಿಗೂ ಅದೇ ಒಲವಿತ್ತು ಎಂದರು. 1534ರ ಜರ್ಮನ್ ಬೈಬಲಿನಲ್ಲಿ ಸುಧಾರಕ ಮಾರ್ಟಿನ್ ಲೂಥರನು ತೋಬಿತ ಮೊದಲಾದ ಗ್ರಂಥಗಳನ್ನು ಎಸೆಯದೆ ಬೇರೆಯಾಗಿ ಜೋಡಿಸಿ, ಇವು ಪವಿತ್ರ ಶಾಸ್ತ್ರಕ್ಕೆ ಸಮವಲ್ಲ, ಆದರೂ ಓದಲು ಉಪಯುಕ್ತವೂ ಒಳ್ಳೆಯವೂ ಆಗಿವೆ ಎಂದು ಬರೆದದ್ದನ್ನು ತೋರಿಸಿದರು. ಅದಕ್ಕೆ ಹನ್ನೆರಡು ವರ್ಷಗಳ ಮೇಲೆ, 1546ರಲ್ಲಿ, ಕಥೋಲಿಕರ ಟ್ರೆಂಟ್ ಮಹಾಸಭೆ ಅವನ್ನೂ ಸೇರಿಸಿ ತನ್ನ ಪಟ್ಟಿಯನ್ನು ಅಂತಿಮಗೊಳಿಸಿತು. "ಸಭೆ ಪುಸ್ತಕಗಳಿಗೆ ಅಧಿಕಾರ ಕೊಡಲಿಲ್ಲ, ಅವುಗಳಲ್ಲಿದ್ದ ಅಧಿಕಾರವನ್ನು ಗುರುತಿಸಿತು. ಅಕ್ಕಸಾಲಿಗ ಚಿನ್ನವನ್ನು ಗುರುತಿಸುತ್ತಾನೆ, ಆದರೆ ಅದನ್ನು ಚಿನ್ನ ಮಾಡಿದವನು ಅವನಲ್ಲ" ಎಂದರು. ಈ ಮಾತನ್ನು ನಾನು ಫಾದರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ನಾವೂ ಅದನ್ನೇ ಹೇಳುತ್ತೇವೆ. ಆದರೆ ಅಕ್ಕಸಾಲಿಗನ ಕಣ್ಣು ತಪ್ಪಿರಬಹುದು ಎಂದು ನೀವು ಯಾವಾಗಲೂ ಹೇಳಬಲ್ಲಿರಿ. ಈ ವಿಷಯದಲ್ಲಿ ಆತನ ಕಣ್ಣನ್ನು ಪವಿತ್ರಾತ್ಮರು ಕಾದರು ಎಂದು ನಾವು ನಂಬುತ್ತೇವೆ" ಎಂದರು.

ನಾನು ಕೇಳಿದ ಎಲ್ಲ ಮಾತುಗಳಲ್ಲಿ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಮಾತು ಬೇರೊಂದಿಲ್ಲ. ನಮ್ಮಲ್ಲಿ ಅಧಿಕಾರವೇ ಇಲ್ಲ ಎಂದಲ್ಲ. ನಮಗೂ ಬಿಷಪರಿದ್ದಾರೆ, ಸಭಿಕರ ಪ್ರತಿನಿಧಿಗಳು ಕೂಡುವ ಪರಿಷತ್ತಿದೆ, ಸಿನೊಡ್ ಇದೆ, ಸಭಾ ಹಿರಿಯರಿದ್ದಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಬಿಷಪರ ಐತಿಹಾಸಿಕ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಸ್ವೀಕರಿಸಿತು, ಆದರೆ ಆ ಪದವಿಯನ್ನು ಕುರಿತ ಯಾವ ಒಂದು ವ್ಯಾಖ್ಯಾನಕ್ಕೂ ಕಟ್ಟುಬೀಳಲಿಲ್ಲ. ರಕ್ಷಣೆಗೆ ಬೇಕಾದುದೆಲ್ಲವೂ ಶಾಸ್ತ್ರದಲ್ಲಿದೆ, ವಿಶ್ವಾಸದ ಪರಮ ಪ್ರಮಾಣ ಅದೇ ಎಂದಿತು. ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳನ್ನೂ ಜೊತೆಗೆ ಇಟ್ಟುಕೊಂಡಿತು. ಎಂದರೆ ನಾನೂ ಒಬ್ಬಳೇ ಕುಳಿತು ಓದಿದವಳಲ್ಲ. ವಿಶ್ವಾಸಪ್ರಮಾಣ, ಸಂಗೀತ ಪುಸ್ತಕ, ದೃಢೀಕರಣದ ಪಾಠ, ಅಜ್ಜನ ಬೆರಳು, ಇವೆಲ್ಲ ನನಗೆ ಓದುವುದನ್ನು ಕಲಿಸಿದ್ದವು. ಆದರೆ ನಮ್ಮಲ್ಲಿ ಇವುಗಳಲ್ಲಿ ಯಾವುದೂ ತಾನು ತಪ್ಪಲಾರೆ ಎಂದು ಹೇಳಿಕೊಳ್ಳುವುದಿಲ್ಲ. ಮಹಾಸಭೆಗಳೂ ತಪ್ಪಿವೆ ಎಂದು 1521ರ ಏಪ್ರಿಲಿನಲ್ಲಿ ಜರ್ಮನಿಯ ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಎದುರು ನಿಂತು ಲೂಥರನು ಹೇಳಿದ ಮಾತಿನ ಮೇಲೆಯೇ ನಾವು ಇಂದಿಗೂ ನಿಂತಿದ್ದೇವೆ.

ಅದರ ಬೆಲೆಯನ್ನೂ ಅಯ್ಯನವರೇ ಹೇಳಿದರು, ನಾನು ಕೇಳದೆಯೇ. ಸತ್ಯವೇದವೊಂದೇ ಸಾಕು ಎಂದು ಹೊರಟವರು ಅದೇ ಸತ್ಯವೇದವನ್ನು ತೋರಿಸಿ ಒಬ್ಬರನ್ನೊಬ್ಬರು ಬಿಟ್ಟು ಹೋಗುವುದನ್ನು ಅವರು ತಮ್ಮ ಸೇವೆಯಲ್ಲಿ ಎಷ್ಟೋ ಸಲ ಕಂಡಿದ್ದರು. ಮಗುವಿಗೆ ಸ್ನಾನ ಕೊಡಬಹುದೇ ಕೂಡದೇ ಎಂಬ ಒಂದೇ ಪ್ರಶ್ನೆಯ ಮೇಲೆ ಅಣ್ಣತಮ್ಮಂದಿರು ಬೇರೆಬೇರೆ ಆರಾಧನೆಗೆ ಹೋಗುವ ಮನೆಗಳು ನಮ್ಮ ನೆಂಟರಲ್ಲೇ ಇವೆ. ಅದನ್ನು ಇತ್ಯರ್ಥ ಮಾಡುವ ನ್ಯಾಯಪೀಠ ನಮ್ಮಲ್ಲಿಲ್ಲ. ಇದು ನನಗೆ ನೋವಿನ ವಿಷಯ.

ಮನಸ್ಸಾಕ್ಷಿಯ ವಿಷಯದಲ್ಲಿ ನಾನೂ ನಾನು ಮದುವೆಯಾಗಲಿದ್ದವರೂ ನಿರೀಕ್ಷೆಗಿಂತ ಹತ್ತಿರವಿದ್ದೆವು. ಖಚಿತವಾದ ಮನಸ್ಸಾಕ್ಷಿಯ ತೀರ್ಪನ್ನು ಮನುಷ್ಯನು ಯಾವಾಗಲೂ ಪಾಲಿಸಬೇಕೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆದರೆ ಆ ಮನಸ್ಸಾಕ್ಷಿ ತಿದ್ದಿ ಬೆಳೆಸಿದ್ದಾಗಿರಬೇಕು, ಹಾಗೆ ಬೆಳೆಸುವ ಕೆಲಸದಲ್ಲಿ ಧರ್ಮಸಭೆಯ ಬೋಧನೆಗೆ ಅಧಿಕಾರದ ಸ್ಥಾನವಿದೆ. ಅವರು ಇದನ್ನು ತಮ್ಮ ರೀತಿಯಲ್ಲಿ ಹೇಳಿದರು: "ನನಗೆ ಒಪ್ಪಿಗೆಯಾಗದ ಬೋಧನೆ ಎದುರಾದಾಗ, ಮೊದಲು ನಾನೇ ತಪ್ಪಿರಬಹುದು ಎಂದುಕೊಂಡು ಹುಡುಕಲು ತೊಡಗುತ್ತೇನೆ." ನಾನು ಅಲ್ಲಿ ಬೇರೆ ಕಡೆಯಿಂದ ಹುಡುಕಲು ತೊಡಗುತ್ತೇನೆ. ಎರಡೂ ಪ್ರಾಮಾಣಿಕವಾಗಿರಬಲ್ಲವು ಎಂಬುದನ್ನು ನಾನು ಅವರನ್ನು ನೋಡಿಯೇ ಕಲಿತೆ, ಏಕೆಂದರೆ ಅವರಷ್ಟು ಯೋಚಿಸಿ ವಿಧೇಯರಾಗುವವರನ್ನು ನಾನು ಹಿಂದೆ ಕಂಡಿರಲಿಲ್ಲ.

ನಾನು ಕಥೋಲಿಕಳಾಗಬೇಕೆಂದು ಫಾದರ್ ಒಮ್ಮೆಯೂ ಒತ್ತಾಯಿಸಲಿಲ್ಲ. ವರನ ಮನೆಯ ಕೆಲವರು ಮಾತ್ರ, ಪ್ರೀತಿಯಿಂದಲೇ, ಕೇಳುತ್ತಿದ್ದರು. ನಾನೂ ಗಂಭೀರವಾಗಿ ಯೋಚಿಸಿದೆ. ದೀಕ್ಷಾಸ್ನಾನ ಆದವರನ್ನು ಪೂರ್ಣ ಅನ್ಯೋನ್ಯತೆಗೆ ಸ್ವೀಕರಿಸುವ ವಿಧಿ ಎಷ್ಟೋ ಸರಳವಾದದ್ದು. ಅದರಲ್ಲಿ ಅಭ್ಯರ್ಥಿ ಒಂದು ವಾಕ್ಯ ಹೇಳಬೇಕು: ಪವಿತ್ರ ಕಥೋಲಿಕ ಧರ್ಮಸಭೆಯು ದೇವರಿಂದ ಪ್ರಕಟವಾದುದೆಂದು ನಂಬುವ, ಬೋಧಿಸುವ, ಸಾರುವ ಎಲ್ಲವನ್ನೂ ನಾನು ನಂಬುತ್ತೇನೆ, ಒಪ್ಪಿಕೊಳ್ಳುತ್ತೇನೆ ಎಂದು. ಈ ವಾಕ್ಯವನ್ನು ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೆಲವು ವಾರ ಪ್ರಾರ್ಥಿಸಿದೆ. ಒಂದೊಂದು ಬೋಧನೆಯನ್ನೂ ಬಿಡಿಯಾಗಿ ಎದುರಿಗಿಟ್ಟರೆ, ನಾನು ಒಪ್ಪುವಂಥವು ಒಪ್ಪದವಕ್ಕಿಂತ ಬಹಳ ಹೆಚ್ಚು. ಕಷ್ಟವಿದ್ದದ್ದು "ಎಲ್ಲವನ್ನೂ" ಎಂಬ ಶಬ್ದದಲ್ಲಿ. ಅದು ಬೋಧನೆಗಳ ಪಟ್ಟಿಗೆ ಹಾಕುವ ಸಹಿಯಲ್ಲ, ಬೋಧಿಸುವವಳನ್ನೇ ನಂಬುವ ಮಾತು. ಮದುವೆಯ ವಚನದಂತೆ, ಮುಂದೆ ಬರಲಿರುವುದನ್ನೂ ಸೇರಿಸಿ ಕೊಡುವ ಮಾತು. ಅವರಿಗೆ ಅದು ಉಸಿರಾಟದಷ್ಟು ಸಹಜ. ನಾನು ಅಂಥ ಮಾತನ್ನು ಒಬ್ಬ ಮನುಷ್ಯನಿಗೆ ಕೊಡಲು ಸಿದ್ಧಳಾಗಿದ್ದೆ, ಕ್ರಿಸ್ತನಿಗೆ ಎಂದೋ ಕೊಟ್ಟಿದ್ದೆ. ಧರ್ಮಸಭೆಗೆ ಕೊಡಲು ನನ್ನಿಂದ ಆಗಲಿಲ್ಲ. ನಂಬದೆ ಹೇಳಿದರೆ ಅದು ಅವರ ಧರ್ಮಸಭೆಗೂ ಅವಮಾನ. ಇದನ್ನು ಫಾದರಿಗೆ ತಿಳಿಸಿದಾಗ, "ನೀವು ಆ ವಾಕ್ಯವನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದೀರಿ" ಎಂದು ಮಾತ್ರ ಹೇಳಿದರು.

ಮಕ್ಕಳ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಅಪ್ಪ ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ತಮ್ಮ ಮೊಮ್ಮಕ್ಕಳ ಬಗ್ಗೆ ಯಾರೋ ಎಲ್ಲೋ ಬರೆದ ವಿಧಿ ಮೊದಲೇ ತೀರ್ಮಾನಿಸುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಕೊನೆಗೆ ನಾವಿಬ್ಬರೂ ಅಪ್ಪ ಅಮ್ಮನ ಎದುರು ಕುಳಿತು ಹೇಳಿದೆವು: ಅವರು ಮಾತು ಕೊಡುತ್ತಾರೆ, ಏಕೆಂದರೆ ಅದು ಅವರ ಮನಸ್ಸಾಕ್ಷಿಗೆ ಸರಿ, ಮಗುವಿಗೆ ಸ್ನಾನ ಅವರ ಧರ್ಮಕೇಂದ್ರದಲ್ಲಿ ಆಗಲು ನಾನು ಅಡ್ಡಬರುವುದಿಲ್ಲ, ಆದರೆ ಆ ಮಗು ರಾತ್ರಿ ಊಟಕ್ಕೆ ಮುಂಚೆ ಸತ್ಯವೇದ ತೆರೆದು ಕೂರುವುದನ್ನೂ, ಕೇಳಿದ್ದನ್ನು ಶೋಧಿಸಿ ನೋಡುವುದನ್ನೂ ನನ್ನಿಂದ ಕಲಿಯುತ್ತದೆ. ಇದನ್ನು ಫಾದರಿಗೂ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಅಪ್ಪ ಒಪ್ಪಿದರು ಎನ್ನಲಾರೆ. ಎದ್ದು ಹೋಗಿ ಅಜ್ಜನ ಸತ್ಯವೇದವನ್ನು ತಂದು ನನ್ನ ಕೈಗೆ ಕೊಟ್ಟರು.

ಧರ್ಮಪ್ರಾಂತ್ಯದ ವಿವಾಹ ಸಿದ್ಧತಾ ಶಿಬಿರ, ಮೂರು ಭಾನುವಾರಗಳ ಪ್ರಕಟಣೆ, ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದ ಪ್ರಶ್ನೆಗಳು, ಎಲ್ಲ ಮುಗಿದು ಡಿಸೆಂಬರಿನ ಮೊದಲ ವಾರ ಅನುಮತಿಪತ್ರ ಬಂತು. ಅಷ್ಟರಲ್ಲಿ ನನ್ನ ಮೊದಲ ಪ್ರಶ್ನೆಗೂ ಫಾದರರ ಉತ್ತರ ಏನೆಂದು ನನಗೆ ಅರ್ಥವಾಗಿತ್ತು. ಕಥೋಲಿಕರಿಗೆ ಮದುವೆ ಇಬ್ಬರ ಖಾಸಗಿ ಒಪ್ಪಂದವಲ್ಲ, ಸಂಸ್ಕಾರ; ಸಂಸ್ಕಾರಗಳು ಧರ್ಮಸಭೆಯ ಸ್ವತ್ತೂ ಅಲ್ಲ, ಅದರ ವಶಕ್ಕೆ ಕೊಟ್ಟವು; ವಶದಲ್ಲಿಟ್ಟುಕೊಂಡವರು ಲೆಕ್ಕ ಕೇಳುತ್ತಾರೆ.

ಮದುವೆ ಜನವರಿಯಲ್ಲಿ, ಬಲಿಪೂಜೆಯಿಲ್ಲದೆ, ವಾಕ್ಯಾರಾಧನೆಯೊಂದಿಗೆ ಮಾತ್ರ ನಡೆಯಿತು. ಬಲಿಪೂಜೆ ಇಟ್ಟಿದ್ದರೆ ನನ್ನ ವರ ಪರಮಪ್ರಸಾದ, ಎಂದರೆ ಪವಿತ್ರ ರೊಟ್ಟಿ, ಸ್ವೀಕರಿಸುವಾಗ ನಾನು, ನನ್ನ ಮನೆಯವರೆಲ್ಲ, ಕುಳಿತಲ್ಲೇ ಇರಬೇಕಾಗುತ್ತಿತ್ತು. ನಮ್ಮ ಸಭೆಯಲ್ಲಿ ಇತರ ಸಭೆಗಳವರನ್ನು ಕರ್ತನ ಮೇಜಿಗೆ ಕರೆಯುವುದುಂಟು, ಆದರೆ ಕಥೋಲಿಕರಾದ ಅವರು ಅಲ್ಲಿ ಸ್ವೀಕರಿಸುವಂತಿಲ್ಲ. ನಮ್ಮಿಬ್ಬರ ಬಾಳಿನಲ್ಲಿ ಅಧಿಕಾರದ ಪ್ರಶ್ನೆ ಇನ್ನೂ ಹಸಿಯಾಗಿ ಉಳಿದಿರುವುದು ಈ ಒಂದು ಜಾಗದಲ್ಲಿ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ತೋಬಿತನ ವಾಚನವನ್ನು ಆರಾಧನೆಯಿಂದ ಕೈಬಿಡುವುದೆಂದು ಅವರೇ ಹೇಳಿದರು. ವಾಚನದ ಕೊನೆಗೆ ಇದು ದೇವರ ವಾಕ್ಯವೆಂದು ಸಾರಿದಾಗ ಅಪ್ಪ ಮನಸ್ಸಾರೆ ಕೃತಜ್ಞತೆ ಹೇಳಲಾರರು, ಆ ದಿನ ಅವರ ಬಾಯಿ ಕಟ್ಟುವುದು ಬೇಡ ಎಂದರು. ಆದ್ದರಿಂದ ಎರಡೂ ಪುಸ್ತಕಗಳಲ್ಲಿರುವ ಪೌಲನ ಕೊರಿಂಥದ ಪತ್ರವನ್ನೇ ಓದಿಸಿದೆವು, ಓದಿದವರು ಅಪ್ಪ. ನಮ್ಮ ಅಯ್ಯನವರು ಫಾದರರ ಪಕ್ಕದಲ್ಲಿ ನಿಂತು ನಮಗಾಗಿ ಪ್ರಾರ್ಥಿಸಿದರು.

ಆ ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ಅವರು ತಮ್ಮ ಬೈಬಲ್ ತೆಗೆದು ತೋಬಿತನ ಎಂಟನೆಯ ಅಧ್ಯಾಯ ತೆರೆದರು. ನಾವಿಬ್ಬರೂ ಎದ್ದು ನಿಂತೆವು. ಅವರು ಓದತೊಡಗಿದರು, ನನಗೆ ಹೊಸದಾದ ಮಾತುಗಳಾದ್ದರಿಂದ ನಾನು ಕೇಳುತ್ತ ನಿಂತೆ. ನಡುವೆ, ದೇವರು ಆದಾಮನನ್ನು ಉಂಟುಮಾಡಿ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದದ್ದನ್ನು ತೋಬಿಯನು ನೆನೆಯುವ ಸಾಲು ಬಂತು. ಆದಿಕಾಂಡದ ಎರಡನೆಯ ಅಧ್ಯಾಯದ ಆ ಸಾಲು ಅಜ್ಜ ನನಗೆ ಬಾಯಿಪಾಠ ಮಾಡಿಸಿದ್ದು. ಅಲ್ಲಿಂದ ಮುಂದೆ, ಅವರ ಪುಸ್ತಕದೊಳಗೆ ಬಗ್ಗಿ ನೋಡುತ್ತ, ನಾನೂ ಜೊತೆಗೆ ಓದಿದೆ.